ಹಿಮಕ್ಕೆ ಕಾದ ದ್ರಾಕ್ಷಿ ಬಳ್ಳಿ

ನಂದಿಬೆಟ್ಟದ ತಪ್ಪಲಿನ ತೋಟವೊಂದಕ್ಕೆ ಶೆನಿನ್ ಎಂಬ ಬಿಳಿ ವೈನಿನ ದ್ರಾಕ್ಷಿ ಬಳ್ಳಿ ಬಂತು. ಬಂದದ್ದೇ ತಡ, ಪಕ್ಕದ ಬೆಂಗಳೂರು ನೀಲಿ ದ್ರಾಕ್ಷಿಯ ಮುಂದೆ ಬಡಾಯಿ ಕೊಚ್ಚಿಕೊಂಡಿತು. "ಫ್ರಾನ್ಸಿನ ಹೊಳೆದಂಡೆಯಲ್ಲಿ ನನ್ನ ವೈನು ಜೇನಿನಷ್ಟು ಸಿಹಿ. ಆಫ್ರಿಕಾದ ತುದಿಯಲ್ಲಿ ಸಿಹಿಯ ಸುಳಿವೇ ಇಲ್ಲದ ಹುಳಿ. ಬೇಕೆಂದರೆ ನೊರೆಯನ್ನೂ ಉಕ್ಕಿಸಬಲ್ಲೆ. ಯಾವ ಮಣ್ಣಿಗೂ ಒಗ್ಗುವವಳು ನಾನು!"

ಮಳೆಗಾಲ ಕಳೆದು ಬಳ್ಳಿ ಸವರುವ ಕತ್ತರಿ ಬಂದಾಗ ನೀಲಿ ತಾನಾಗಿಯೇ ಕೊಂಬೆ ಒಡ್ಡಿತು. ಶೆನಿನ್ ಮಾತ್ರ ರೇಗಿತು. "ಮುಟ್ಟಬೇಡ! ಮೊದಲು ಹಿಮ ಬೀಳಬೇಕು, ನಾನು ಮಲಗಬೇಕು. ನಿದ್ದೆಯಿಂದೆದ್ದ ಮೇಲೆಯೇ ನಾನು ಚಿಗುರುವುದು."

"ಇಲ್ಲಿ ಹಿಮ ಬೀಳುವುದಿಲ್ಲ ತಾಯಿ," ಎಂದಿತು ಕತ್ತರಿ. "ಇಲ್ಲಿ ಬಳ್ಳಿ ಚಿಗುರುವುದು ನಾನು ಸವರಿದ ಮೇಲೆಯೇ. ಹಿಮಕ್ಕೆಂದು ಕಾದು ಕೂತರೆ ಫಲ ಬರುವುದಿಲ್ಲ. ಫಲ ಬಿಡದ ಬಳ್ಳಿಯನ್ನು ಬುಡಸಮೇತ ಕಿತ್ತು ಒಲೆಗೆ ಹಾಕುತ್ತಾರೆ. ಯಾವ ಮಣ್ಣಿಗೂ ಒಗ್ಗುವವಳು ನೀನೇ ತಾನೇ?"

ಶೆನಿನ್ ಉಸಿರು ಬಿಗಿಹಿಡಿದು ಕೊಂಬೆ ಚಾಚಿತು. ಕತ್ತರಿಸಿದ ತುದಿಗಳಿಂದ ನೀರು ತೊಟ್ಟಿಕ್ಕಿತು. ಅವುಗಳ ಪಕ್ಕದಲ್ಲೇ ಚಿಗುರು ಒಡೆಯಿತು.

ಗೊಂಚಲು ತೂಗುವ ಕಾಲಕ್ಕೆ ನೀಲಿ ಕೇಳಿತು, "ಅಂತೂ ನಿಮ್ಮ ಹಿಮ ಬಿತ್ತೇ ಅಕ್ಕಾ?"

"ಬಿತ್ತಮ್ಮಾ," ಎಂದಿತು ಶೆನಿನ್, ಅದೇ ಗತ್ತಿನಿಂದ. "ಈ ಊರಲ್ಲಿ ಅದು ಕಬ್ಬಿಣದ್ದು."