ಸೌಟು ಕೆಳಗಿಟ್ಟ ತಹಸೀಲ್ದಾರ್

ತಹಸೀಲ್ದಾರ್ ನಾಗಭೂಷಣ ಹೊಳೆದಂಡೆಯ ಮಠಕ್ಕೆ ಬಂದಾಗ ಗುರುಗಳು ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

ಚಿಕ್ಕಂದಿನಲ್ಲಿ ಇದೇ ಮಠದಲ್ಲಿದ್ದು ಓದಿದವನು ನಾಗಭೂಷಣ. ಹೊಸದೇನನ್ನು ಶುರುಮಾಡುವುದಿದ್ದರೂ ಮೊದಲು ಇಲ್ಲಿಗೆ ಬರುತ್ತಿದ್ದ.

ಅಡ್ಡಬಿದ್ದು ಎದ್ದು ಹೇಳಿದ: "ಬುದ್ಧಿ, ಈ ಸಲ ಚುನಾವಣೆಗೆ ನಿಲ್ಲುತ್ತೇನೆ. ಆಶೀರ್ವಾದ ಮಾಡಬೇಕು."

"ನಿಲ್ಲು. ಕೆಲಸ ಬಿಟ್ಟೆಯಾ?"

"ಬಿಡುತ್ತೇನೆ ಬುದ್ಧಿ. ಸರ್ಕಾರಿ ನೌಕರ ನಿಲ್ಲುವ ಹಾಗಿಲ್ಲ. ನಾಮಪತ್ರ ಪರಿಶೀಲನೆಯ ಹೊತ್ತಿಗೆ ರಾಜೀನಾಮೆ ಅಂಗೀಕಾರ ಆಗಿದ್ದರೆ ಸಾಕು."

"ಅಲ್ಲಿಯವರೆಗೆ?"

"ಅಲ್ಲಿಯವರೆಗೆ ಕುರ್ಚಿಯಲ್ಲೇ ಇರುತ್ತೇನೆ. ಹಕ್ಕುಪತ್ರ ಹಂಚುವುದು ಬಾಕಿ ಇದೆ. ವೃದ್ಧಾಪ್ಯ ವೇತನದ ಆದೇಶಗಳಿವೆ. ಊರೂರಿಗೆ ಹೋಗಿ ನನ್ನ ಕೈಯಾರೆ ಕೊಟ್ಟು ಬರುತ್ತೇನೆ. ಕೊನೆಗಳಿಗೆಯಲ್ಲಿ ರಾಜೀನಾಮೆ. ನಿಯಮ ತಪ್ಪಿದೆ ಅಂತ ಯಾರೂ ಬೆರಳು ತೋರಿಸುವ ಹಾಗಿಲ್ಲ."

"ನಿಯಮ ಚೆನ್ನಾಗಿ ಓದಿದ್ದೀಯ."

"ನೀವೇ ಓದಿಸಿದ್ದು ಬುದ್ಧಿ."

"ಓದಿಸಿದ್ದು ಹೌದು. ಹೀಗೆ ಓದು ಅಂತ ಹೇಳಿದ ನೆನಪಿಲ್ಲ. ಇರಲಿ, ಜನ ನಿನ್ನನ್ನು ಬಯಸುತ್ತಾರಾ?"

"ಹೋದಲ್ಲೆಲ್ಲ ಹಾರ ಹಾಕುತ್ತಾರೆ. ಮೊನ್ನೆ ಒಂದೂರಿನಲ್ಲಿ ತಮಟೆ ಬಡಿಸಿಕೊಂಡು ಕರೆದುಕೊಂಡು ಹೋದರು."

ಗುರುಗಳು ಕೈ ಕೊಡವಿ ಎದ್ದರು.

"ಊಟದ ಹೊತ್ತಾಯಿತು. ಇವತ್ತು ಪಾಯಸ ನೀನೇ ಬಡಿಸು."

ಆ ಮಠದಲ್ಲಿ ಒಂದು ಪದ್ಧತಿಯಿತ್ತು. ಸಂಜೆಯ ಭಜನೆಯನ್ನು ಯಾರು ಹೇಳಿಕೊಡಬೇಕೆಂದು ಮಧ್ಯಾಹ್ನ ಪಂಕ್ತಿಯಲ್ಲಿ ಊಟಕ್ಕೆ ಕೂತವರೇ ತೀರ್ಮಾನಿಸುತ್ತಿದ್ದರು.

"ಬಡಿಸುತ್ತಾ ಅದನ್ನೂ ಕೇಳಿಕೊಂಡು ಬಾ" ಎಂದರು ಗುರುಗಳು.

ಅಡುಗೆಯ ರಾಚಪ್ಪ ಪಾಯಸದ ಪಾತ್ರೆಯನ್ನೂ ಸೌಟನ್ನೂ ನಾಗಭೂಷಣನ ಕೈಗೆ ಕೊಟ್ಟ. ನಾಗಭೂಷಣ ಪಂಚೆ ಎತ್ತಿ ಕಟ್ಟಿ ಪಂಕ್ತಿಗೆ ಇಳಿದ.

"ಅಜ್ಜಾ, ಸಂಜೆ ಭಜನೆ ಯಾರು ಹೇಳಿಕೊಡಲಿ?"

"ನೀವೇ ಸಾಹೇಬ್ರೇ, ಇನ್ಯಾರು?" ಅಜ್ಜ ಎಲೆಯನ್ನು ಮುಂದಕ್ಕೆ ಸರಿಸಿದ. "ಗೋಡಂಬಿ ತಳದಲ್ಲಿರುತ್ತೆ, ಸ್ವಲ್ಪ ಕಲಕಿ ಹಾಕಿ."

"ನಿಮಗೆ ಯಾರಾಗಬಹುದು, ಬಸಮ್ಮಣ್ಣಿ?"

"ನಿಮ್ಮ ಕಂಠ ಯಾರಿಗುಂಟು ಸಾಮಿ! ನಮ್ಮ ಮೊಮ್ಮಗಳ ಎಲೆಗೂ ಇನ್ನೊಂದು ಸೌಟು."

ಪಂಕ್ತಿಯ ಕೊನೆ ಮುಟ್ಟುವಷ್ಟರಲ್ಲಿ ಬೇರೆ ಹೆಸರೇ ಬರಲಿಲ್ಲ. ನಾಗಭೂಷಣನ ಮುಖ ಅರಳಿತು.

"ಎಲ್ಲರೂ ನನ್ನನ್ನೇ ಹೇಳಿದರು ಬುದ್ಧಿ. ಒಬ್ಬರೂ ಬೇಡ ಅನ್ನಲಿಲ್ಲ."

"ಸಂತೋಷ. ಈಗ ಸೌಟು ಕೆಳಗಿಟ್ಟು, ಪಂಕ್ತಿಯಲ್ಲಿ ಕೂತು ಕೇಳು."

ನಾಗಭೂಷಣ ಸೌಟನ್ನು ಪಾತ್ರೆಯೊಳಗೆ ಇಟ್ಟ. ಪಾತ್ರೆಯನ್ನು ಪಕ್ಕಕ್ಕಿಟ್ಟು ಬಸಮ್ಮಣ್ಣಿಯ ಪಕ್ಕದ ಎಲೆಗೆ ಕೂತ.

ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಕೂಗು ಬಂತು: "ಸಾಹೇಬ್ರೇ, ಇಲ್ಲಿಗೆ ಪಾಯಸ!"

"ನಾನು ಬಿಟ್ಟಿದ್ದೇನೆ."

"ಏನು ಬಿಟ್ಟಿದ್ದೀರಿ? ಪಾತ್ರೆ ನಿಮ್ಮ ಮಗ್ಗುಲಲ್ಲೇ ಇದೆಯಲ್ಲ!"

"ಇಲ್ಲಪ್ಪ, ಬಿಟ್ಟಾಯಿತು."

"ಹಾಗಾದರೆ ಯಾರನ್ನು ಕೇಳೋಣ?"

ಎಲೆಗಳು ಕಾಯುತ್ತಿದ್ದವು. ನಾಗಭೂಷಣ ಗುರುಗಳ ಕಡೆ ನೋಡಿದ.

"ಬಿಟ್ಟೆ ಅಂತ ನೀನು ಅಂದುಕೊಂಡರೆ ಆಗಲಿಲ್ಲ" ಎಂದರು ಗುರುಗಳು. "ಕೊಟ್ಟವನು ವಾಪಸು ತೆಗೆದುಕೊಂಡೆ ಅನ್ನಬೇಕು. ರಾಚಪ್ಪನನ್ನು ಕೇಳು."

"ರಾಚಪ್ಪ, ಈ ಪಾತ್ರೆ ತೆಗೆದುಕೊಳ್ಳಯ್ಯ!"

ಒಳಗಿನಿಂದ ರಾಚಪ್ಪ ಕೂಗಿದ: "ತಡೀರಿ ಸಾಮಿ, ಮುದ್ದೆ ತೊಳಸುತ್ತಾ ಇದ್ದೀನಿ. ನಿಮಗೆ ಬೇಕಾದಾಗ ಹಿಡಿಯೋದು, ಬೇಡವಾದಾಗ ಇಡೋದು ಅಂದರೆ ನಾನೇನು ಮಾಡಲಿ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮುದ್ದೆ ಕಟ್ಟಿ, ಕೈ ತೊಳೆದು ರಾಚಪ್ಪ ಹೊರಗೆ ಬರುವವರೆಗೂ ನಾಗಭೂಷಣ ಎದ್ದೆದ್ದು ಬಡಿಸಬೇಕಾಯಿತು. ತನ್ನ ಎಲೆಯ ಅನ್ನ ಆರಿಹೋಯಿತು.

ಕೊನೆಗೆ ರಾಚಪ್ಪ ಬಂದು ಪಾತ್ರೆ ಎತ್ತಿಕೊಂಡು, "ತಗೊಂಡೆ ಸಾಮಿ. ಇನ್ನು ನಿಮ್ಮ ಊಟ ನೀವು ಮಾಡಿ" ಎಂದ. ಎಲ್ಲರ ಕಣ್ಣೂ ಅವನ ಹಿಂದೆ ಹೋದವು.

ನಾಗಭೂಷಣ ಗಂಟಲು ಸರಿಮಾಡಿಕೊಂಡ. "ಬಸಮ್ಮಣ್ಣಿ, ಈಗ ಹೇಳಿ. ಸಂಜೆ ಭಜನೆ ಯಾರು ಹೇಳಿಕೊಡಲಿ?"

"ಯಾರಾದರೂ ಆಗಲಿ. ನೀವು ಮಾತ್ರ ಬೇಡಪ್ಪ."

"ಯಾಕೆ?"

"ಹೋದ ವರ್ಷ ನೀವು ಎತ್ತಿದ ಸ್ವರಕ್ಕೆ ಹೊರಗೆ ಕಟ್ಟಿದ್ದ ನಮ್ಮ ಎತ್ತು ಹಗ್ಗ ಕಿತ್ತುಕೊಂಡು ಹೊಳೆಯ ಆಚೆ ದಡ ಸೇರಿತು."

"ಈಗ ತಾನೆ ನನ್ನ ಕಂಠ ಯಾರಿಗುಂಟು ಅಂದಿರಿ!"

"ಈಗಲೂ ಅದನ್ನೇ ಹೇಳುತ್ತಾ ಇದ್ದೀನಿ. ಅಂಥದ್ದು ಯಾರಿಗೂ ಇಲ್ಲ, ಯಾರಿಗೂ ಬೇಡ!"

ಅಜ್ಜನಿಗೆ ನಕ್ಕು ನಕ್ಕು ಕೆಮ್ಮು ಬಂತು. ಪಕ್ಕದವರು ಅವನ ನೆತ್ತಿ ತಟ್ಟಿದರು. ನಾಗಭೂಷಣನೂ ನಕ್ಕ. ಆದರೆ ಪೂರ್ತಿ ನಗಲಾರದೆ ಹೋದ.

ಊಟವಾದ ಮೇಲೆ ಇಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂತರು.

"ನೀನು ಬಡಿಸಿದೆಯಲ್ಲ, ಆ ಪಾಯಸ ಯಾರದ್ದು?" ಗುರುಗಳು ಕೇಳಿದರು.

"ಮಠದ್ದು."

"ಕೂತವರ ಕಣ್ಣಿಗೆ ಯಾರದ್ದಾಗಿ ಕಂಡಿತು?"

"ನನ್ನದಾಗಿ" ಎಂದು ನಾಗಭೂಷಣ ಒಪ್ಪಿಕೊಂಡ.

"ಬುದ್ಧಿ, ಈಗಲೇ ಕೆಲಸ ಬಿಟ್ಟರೆ ಚುನಾವಣೆಯ ಹೊತ್ತಿಗೆ ಜನ ನನ್ನನ್ನು ಮರೆತುಬಿಡುತ್ತಾರೆ."

"ಮರೆಯಲಿ. ತಹಸೀಲ್ದಾರನನ್ನು ಮರೆತ ಮೇಲೆ ತಾನೆ ನಾಗಭೂಷಣ ಯಾರು ಅಂತ ಕಾಣುವುದು?"

"ಸೋತರೆ? ಕುರ್ಚಿಯೂ ಇಲ್ಲ, ಗೆಲುವೂ ಇಲ್ಲ. ಮನೆಯವಳು ಬೆಳಗಾದರೆ ಅದನ್ನೇ ಕೇಳುತ್ತಾಳೆ. ನಾನೇನು ಹೇಳಲಿ?"

ಗುರುಗಳ ದನಿ ಮೆತ್ತಗಾಯಿತು.

"ಆಕೆ ಕೇಳುವುದು ಸರಿಯಾಗಿಯೇ ಇದೆ. ಆ ಭಯಕ್ಕೆ ನನ್ನಲ್ಲಿ ಔಷಧ ಇಲ್ಲ. ತಹಸೀಲ್ದಾರನಾಗಿಯೇ ಉಳಿ, ಅದೇನು ಸಣ್ಣ ಕೆಲಸವಲ್ಲ. ಇಲ್ಲವೇ ಬಿಟ್ಟು ನಿಲ್ಲು. ಎರಡರಲ್ಲಿ ಯಾವುದು ಮಾಡಿದರೂ ನನ್ನ ಆಶೀರ್ವಾದ ಇದೆ. ಮಧ್ಯದಲ್ಲಿ ನಿಂತುಕೊಂಡು ಕೇಳಬೇಡ."

ನಾಗಭೂಷಣ ಊರಿಗೆ ಹೋದ. ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿದ. ಪಾಯಸದ ಕಥೆ ಕೇಳಿ ಆಕೆ ನಕ್ಕಳು. ಕೆಲಸ ಬಿಡುವ ಮಾತು ಬಂದಾಗ ಎದ್ದು ಒಳಗೆ ಹೋದಳು. ಬೆಳಿಗ್ಗೆ ಕಾಫಿ ಲೋಟ ಮುಂದಿಟ್ಟು, "ಬಿಡುವುದಾದರೆ ಸರಿಯಾಗಿ ಬಿಡಿ" ಎಂದಳು.

ಅದೇ ವಾರ ರಾಜೀನಾಮೆ ಕೊಟ್ಟ. ಕೊಟ್ಟು ಸುಮ್ಮನೆ ಕೂರಲಿಲ್ಲ. ಅಂಗೀಕಾರದ ಆದೇಶಕ್ಕಾಗಿ ಮೇಲಿನ ಕಚೇರಿಗೆ ಅಲೆದ. ನಿನ್ನೆಯವರೆಗೆ ಎದ್ದು ನಿಲ್ಲುತ್ತಿದ್ದ ಗುಮಾಸ್ತ, "ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ಆ ಬೆಂಚಿನ ಮೇಲೆ ಕೂತಿರಿ" ಎಂದ. ತಾನೂ ಎಷ್ಟೋ ಜನರನ್ನು ಆ ಥರದ ಬೆಂಚಿನ ಮೇಲೆ ಕೂರಿಸಿದ್ದು ನಾಗಭೂಷಣನಿಗೆ ಗೊತ್ತಿತ್ತು. ಕೂತ.

ಆದೇಶ ಬಂತು. ಹಕ್ಕುಪತ್ರಗಳನ್ನು ಹೊಸ ತಹಸೀಲ್ದಾರರು ಹಂಚಿದರು. ಹಾರಗಳೂ ಅವರ ಕೊರಳಿಗೆ ಹೋದವು.

ಚುನಾವಣೆ ಬಂತು. ನಾಗಭೂಷಣ ನಾಮಪತ್ರ ಸಲ್ಲಿಸಿದ, ಅದು ಸ್ವೀಕೃತವಾಯಿತು. ಮತ ಕೇಳಲು ಬಸ್ಸಿನಲ್ಲಿ, ಬಸ್ಸಿಲ್ಲದ ಕಡೆ ನಡೆದು, ಹಳ್ಳಿಹಳ್ಳಿಗೆ ಹೊರಟ.

ಒಂದು ಸಂಜೆ ಧೂಳು ಮೆತ್ತಿದ ಕಾಲಲ್ಲಿ ಮಠಕ್ಕೆ ಬಂದು ಗುರುಗಳ ಮುಂದೆ ಕುಸಿದು ಕೂತ.

"ಬುದ್ಧಿ, ಮುಗಿಯಿತು ನನ್ನ ಕಥೆ."

"ಏನಾಯಿತು?"

"ಇವತ್ತು ಹೋದ ಊರಿನಲ್ಲಿ ಒಬ್ಬರೂ ಕುರ್ಚಿ ಹಾಕಲಿಲ್ಲ. ಒಬ್ಬ ಮುದುಕಿ ಮಾತ್ರ ಜಗುಲಿಯ ಮೇಲೆ ಕೂರಿಸಿಕೊಂಡಳು."

"ಕೂರಿಸಿಕೊಂಡು?"

"ಬೈದಳು. 'ನೀನು ಅಧಿಕಾರದಲ್ಲಿದ್ದಾಗ ನನ್ನ ಖಾತೆ ಬದಲಾವಣೆಗೆ ಎಷ್ಟು ಅಲೆಸಿದೆ ಗೊತ್ತೇನೋ? ನಿನ್ನ ಬಾಗಿಲಲ್ಲಿ ಬಿಸಿಲಿಗೆ ನಿಂತು ತಲೆಸುತ್ತಿ ಬಿದ್ದಿದ್ದೆ. ಆವತ್ತು ಹೇಳೋಕೆ ಹೆದರಿಕೆ ಆಯ್ತು, ಇವತ್ತು ಸಿಕ್ಕಿದ್ದೀಯ' ಅಂತ ಮನಸೋ ಇಚ್ಛೆ ಬೈದಳು. ಬೈದು ಸುಸ್ತಾಗಿ ಮಜ್ಜಿಗೆ ತಂದುಕೊಟ್ಟಳು. ಕುಡಿದ ಮೇಲೆ ಮತ್ತೆ ಬೈದಳು."

"ನೀನೇನು ಅಂದೆ?"

"ತಪ್ಪಾಯಿತು ತಾಯಿ ಅಂದೆ. ಇನ್ನೇನು ಅನ್ನಲಿ? ಅವಳು ಹೇಳಿದ್ದು ನಿಜವೇ. ಮತ ಹಾಕುತ್ತೀಯಾ ಅಂತ ಕೇಳಿದರೆ, 'ಯೋಚನೆ ಮಾಡ್ತೀನಿ ಹೋಗು' ಅಂದಳು. ಇಷ್ಟು ವರ್ಷ ನನ್ನ ಮುಂದೆ ಒಬ್ಬರೂ ದನಿ ಎತ್ತಿದವರಲ್ಲ, ಬುದ್ಧಿ."

ಗುರುಗಳು ತೊಡೆ ತಟ್ಟಿಕೊಂಡು ನಕ್ಕರು.

"ಹಾಗಾದರೆ ಆ ತಾಯಿ ಹಾಕುತ್ತೇನೆ ಅಂದರೂ ನಂಬಬಹುದು, ಹಾಕುವುದಿಲ್ಲ ಅಂದರೂ ನಂಬಬಹುದು. ನಾಳೆ ಪಕ್ಕದ ಊರಿಗೆ ಹೋಗು."