ಕಾಲಿಗೂ ಬುದ್ಧಿಯುಂಟು

“ಕೇಳಿರಯ್ಯಾ ಕೇಳಿ! ಮಹಾರಾಜರ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರಿಗೆ ತಲೆದಂಡ!” ಅರಸ ಚಂಡವರ್ಮನ ಡಂಗುರ ಕೇಳಿ ಸಂತೆಯಲ್ಲಿದ್ದವರೆಲ್ಲ ಕತ್ತು ಮುಟ್ಟಿಕೊಂಡರು. ದೊಂಬರ ದುರುಗಿ ಮಾತ್ರ ಅರಮನೆಯ ದಾರಿ ಹಿಡಿದಳು.

ಅವಳ ಅವ್ವ ಹಗ್ಗದ ಮೇಲೆ ನಡೆದು ತೋರಿಸಿ, ಕಾಲಿಗೂ ಬುದ್ಧಿಯಿದೆ ಎಂದು ಅರಸನೆದುರು ಅಂದುಬಿಟ್ಟಿದ್ದಳು. ದೇಹಕ್ಕಾಗಲಿ ದೇಶಕ್ಕಾಗಲಿ ಯೋಚಿಸುವುದು ತಲೆಯೊಂದೇ, ಉಳಿದದ್ದೆಲ್ಲ ಆಳು ಎಂದು ನಂಬಿದ್ದ ಅರಸನಿಗೆ ಮೈಯೆಲ್ಲ ಉರಿಯಿತು. ಅವಳನ್ನು ಸೆರೆಗೆ ತಳ್ಳಿ, ತಲೆಯ ಅಪ್ಪಣೆಯಿಲ್ಲದೆ ಏನೂ ನಡೆಯದೆಂದು ಸಾಧಿಸಲು ಮೂರು ಒಗಟು ಕಟ್ಟಿದ. ಹುಣ್ಣಿಮೆಯೊಳಗೆ ಯಾರೂ ಒಗಟು ಬಿಡಿಸದಿದ್ದರೆ ಆ ಕಾಲುಗಳನ್ನೇ ಕತ್ತರಿಸುವುದೆಂದಾಯಿತು.

“ದೊರೆಯ ಅಪ್ಪಣೆಗೆ ಕಾಯದೆ ಹಿಂದೆ ಸರಿದರೂ ದ್ರೋಹಿಯಲ್ಲದ ಬಂಟ ಯಾರು?” ಎಂದು ಅರಸ ಕೇಳಿದ. ಪಾಳೆಯಗಾರನೊಬ್ಬ ಬೆದರಿದ ಕುದುರೆ ಎಂದು ತಲೆ ಕಳೆದುಕೊಂಡ. ಪಂಡಿತನೊಬ್ಬ ಮುದಿ ಸೇನಾಪತಿ ಎಂದು ಅವನ ಹಿಂದೆಯೇ ಹೋದ. ಅಂಥ ಬಂಟನೇ ಇರಲಾರ, ಹಾಗಾಗಿ ಉತ್ತರವೂ ಇರಲಾರದು ಎಂಬುದೇ ಅರಸನ ಧೈರ್ಯ.

“ಕೈ,” ಎಂದಳು ದುರುಗಿ. “ಕಾದ ಹಂಚು ತಾಗಿದ್ರ, ತಲಿಗೆ ಸುದ್ದಿ ಮುಟ್ಟೂದರೊಳಗ ಅದು ಸರದಿರ್ತೈತಿ.”

“ಕಣ್ಣಿಲ್ಲದೆ, ಜೀವವಿಲ್ಲದೆ ಒಡೆಯನಿಗೆ ಹಳ್ಳ ತೋರಿಸುವ ಸೇವಕ?”

“ಕುರುಡನ ಕೋಲು. ಅವನ ಅರಿವೆಲ್ಲ ಅದರ ತುದಿಗೇ ಇರ್ತೈತಿ.”

ಅರಸನ ಹುಬ್ಬು ಗಂಟಾಯಿತು. “ಒಡೆಯ ಮರೆತರೆ ನೆಟ್ಟಗೆ ಸಾಗಿ, ಒಡೆಯ ನಿಗಾ ಇಟ್ಟರೆ ಕೆಡುವ ಕೆಲಸ ಯಾವುದು?”

“ನಡಿಗಿ.”

ಸಭೆ ಗೊಳ್ಳೆಂದು ನಕ್ಕಿತು. ಕಟುಕ ಕತ್ತಿಗೆ ಕೈ ಹಾಕಿದ. ದುರುಗಿ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ.

“ಸುಳ್ಳಾದ್ರ ನನ್ನ ತಲಿ ತಗೀರಿ. ಮೊದಲ ಆ ಮೆಟ್ಟಲಾ ಇಳೀರಿ. ಯಾವ ಮಂಡಿ ಎಷ್ಟು ಬಾಗಬೇಕು, ಯಾವ ಬೆರಳು ಎಷ್ಟು ಊರಬೇಕು, ಎಲ್ಲಾಕ್ಕೂ ತಲಿಯಿಂದನ ಅಪ್ಪಣಿ ಕೊಡ್ರಿ.”

ಅರಸ ಮೀಸೆ ತಿರುವಿ ಸಿಂಹಾಸನದಿಂದ ಎದ್ದ. ಮಂಡಿಗೊಂದು ಅಪ್ಪಣೆ, ಹಿಮ್ಮಡಿಗೊಂದು, ಹೆಬ್ಬೆರಳಿಗೊಂದು. ಎರಡನೆಯ ಮೆಟ್ಟಿಲಿಗೆ ಯಾವ ಕಾಲು ಮುಂದೆಂಬುದೇ ತಿಳಿಯದೆ ತಡವರಿಸಿ ಮುಗ್ಗರಿಸಿದ. ಬೀಳುವ ಮೊದಲೇ ಅವನ ಕೈ ಚಾಚಿ ಮೆಟ್ಟಿಲ ಬುಡದಲ್ಲಿದ್ದ ದುರುಗಿಯ ಹೆಗಲನ್ನು ಬಿಗಿಯಾಗಿ ಹಿಡಿದಿತ್ತು. ದೊಂಬರ ನೆರಳನ್ನೂ ಸೋಕಿಸಿಕೊಳ್ಳದ ಕೈ ಅದು.

ದುರುಗಿ ಹಗ್ಗದ ಮೇಲೆ ನಿಂತಂತೆ ಅಲುಗದೆ ನಿಂತು ಕೇಳಿದಳು: “ಈ ಕೈಗೆ ಅಪ್ಪಣಿ ಕೊಟ್ಟವ್ರು ಯಾರ್ರಿ, ದೊರಿ?”

ಅರಸನ ಕೈ ಇನ್ನೂ ಹೆಗಲು ಬಿಟ್ಟಿರಲಿಲ್ಲ. ನಗುತ್ತಿದ್ದವರೆಲ್ಲ ನೆಲ ನೋಡಿದರು.

ಸೆರೆಮನೆಯ ಬಾಗಿಲು ತೆರೆಯಿತು. ಅವ್ವ ತನ್ನ ಕಾಲ ಮೇಲೆಯೇ ನಡೆದು ಬಂದಳು. ಅರ್ಧ ರಾಜ್ಯವನ್ನು ದುರುಗಿ ಬೇಡವೆನ್ನಲಿಲ್ಲ. ಹಾಗೆನ್ನಲು ಅವಳೇನು ಹುಚ್ಚಿಯೇ? ಅವಳ ಪಾಲಿನಲ್ಲಿ ದುಡಿಯುವ ಕೈಕಾಲುಗಳನ್ನು ಕೇಳದೆ ಯಾವ ಅಪ್ಪಣೆಯೂ ಹೊರಡುತ್ತಿರಲಿಲ್ಲ. ಚಂಡವರ್ಮನ ಪಾಲಿನಲ್ಲಿ ಎಲ್ಲಕ್ಕೂ ಮೊದಲಿನಂತೆ ತಲೆಯದೇ ಅಪ್ಪಣೆ. ಮೆಟ್ಟಿಲು ಇಳಿಯುವಾಗ ಮಾತ್ರ ಅವನು ಏನನ್ನೂ ಯೋಚಿಸುತ್ತಿರಲಿಲ್ಲವಂತೆ.