ಗುಂಯ್‌ಗುಡುವ ಪಂಪು

ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಯ ಮಾಲೀಕ ಸಂಗನಗೌಡರು ಎಥನಾಲ್ ಕುಡಿದು ಓಡುವ ಎಂಟುನೂರು ಅಶ್ವಶಕ್ತಿಯ ಕಾರು ಮಾಡಿಸುತ್ತಿದ್ದರು. ಎಥನಾಲ್ ಅಂದರೆ ಪೆಟ್ರೋಲಿಗಿಂತ ಹೆಚ್ಚು ಸುರಿಯಬೇಕು. ಅದಕ್ಕೇ ಮೆಕ್ಯಾನಿಕ್ ದಾವಲಸಾಬ ಎಂಜಿನ್ನಿಗೆ ಇಂಧನ ಹಾಯಿಸುವ ದೊಡ್ಡ ಪಂಪು ಆರಿಸಿ ಕೂರಿಸಿದ. ಅದು ಗುಂಯ್ ಅಂದಿತು. ಗೌಡರು ಮುಖ ಸಿಂಡರಿಸಿದರು.

“ಸದ್ದಿಲ್ಲದ ಸಣ್ಣ ಪಂಪು ಹಾಕು. ಇಲ್ಲಾಂದ್ರ ನಮ್ಮ ಒಂದು ಲಾರಿನೂ ನಿನ್ನ ಗ್ಯಾರೇಜಿಗೆ ಬರೂದಿಲ್ಲ.”

ಸಣ್ಣದು ಹಾಕಿದರೆ ಇಂಧನ ಸಾಲದೆ ಎಂಜಿನ್ ಸುಟ್ಟೀತು. ಹಾಗೆಂದರೆ ಗೌಡರು ಕೇಳುವವರಲ್ಲ. ದಾವಲಸಾಬ ತಲೆ ಕೆರೆದುಕೊಂಡ.

“ಆತ್ರಿ ಗೌಡ್ರ, ಸಣ್ಣದ ಹಾಕ್ತೀನಿ. ನಿಮ್ಮ ಬೀಗರ ಕಾರಿಗೂ ಅದ ಐತಿ. ಬಂದದ್ದೂ ತಿಳಿಯೂದಿಲ್ಲ, ಹೋದದ್ದೂ ತಿಳಿಯೂದಿಲ್ಲ. ಈ ದೊಡ್ಡದರ ಸದ್ದು ಕೇಳಿದ್ರ ಮಂದಿ ಹೊಳ್ಳಿ ನೋಡ್ತಾರ, ಇದು ಯಾರ ಕಾರಪಾ ಅಂತ. ನಿಮಗ ಅದೆಲ್ಲ ಯಾಕ ಬಿಡ್ರಿ.”

ಹೇಳುತ್ತಲೇ ಪಂಪು ಬಿಚ್ಚಲು ಸ್ಪ್ಯಾನರ್ ಎತ್ತಿಕೊಂಡ.

“ತಡಿ ತಡಿ,” ಎಂದರು ಗೌಡರು. “ಹಾಕಿದ್ದನ್ನ ಯಾಕ ಬಿಚ್ಚತಿ? ಇರಲಿ ಬಿಡು.”

ವಾರ ಬಿಟ್ಟು ಗೌಡರು ಮತ್ತೆ ಬಂದರು. ಕಾರು ಗಾಳಿಯಂತೆ ಓಡುತ್ತಿತ್ತು, ಆದರೂ ಅವರ ಮುಖ ಸಪ್ಪಗಿತ್ತು.

“ಪಂಪೇನೋ ಚಲೋ ಐತಿ, ದಾವಲ್. ಆದ್ರ ಸಂತ್ಯಾಗ ಹೋದ್ರ ಸದ್ದು ಯಾರಿಗೂ ಕೇಳವಲ್ದು. ಇದಕ್ಕಿಂತ ಗದ್ದಲದ್ದು ಸಿಗತೈತೇನು?”